ಮಂಡಿನೋವಿನ ಪುಡಿ ಮತ್ತು ಬೆಳಗಿನ ಎಂಟರ ರಕ್ತ

ಅಕ್ಕನ ಮುಖ ದುಂಡಗಾಗುತ್ತಿದೆ ಎಂದು ಮೊದಲು ಗಮನಿಸಿದವಳು ನನ್ನ ಹೆಂಡತಿ. ನಾನಲ್ಲ. ದಿನಾ ಎದುರು ಕೂತು ಊಟ ಮಾಡುವ ತಮ್ಮನಿಗೆ ಕಾಣದ್ದು ಅವಳಿಗೆ ಕಂಡಿತು. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಇದ್ದಾಳೆ. ಮೊದಲಿನಿಂದಲೂ ಕಡ್ಡಿಯ ಹಾಗಿದ್ದ ಹೆಂಗಸು. ಅಂಥವಳ ಕೆನ್ನೆ ಊದಿ, ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿದಾಗ ಬೀದಿಯವರೆಲ್ಲ, "ಈಗ ನೋಡಿ ಎಷ್ಟು ಲಕ್ಷಣವಾಗಿದೀರ, ತಮ್ಮನ ಮನೆ ಊಟ ಮೈಗೆ ಹತ್ತಿದೆ" ಎಂದು ಹೊಗಳಿದರು. ನಾನೂ ಉಬ್ಬಿಹೋದೆ. ಹೆಂಡತಿ ಮಾತ್ರ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದಳು.

"ಮುಖ ಒಂದೇ ರೀ ತುಂಬಿರೋದು. ತೋಳು ನೋಡಿದೀರಾ? ರವಿಕೆ ತೋಳೊಳಗೆ ನನ್ನ ಕೈ ಇಡೀ ಹೋಗುತ್ತೆ. ಕಾಲು ಕೋಲಾಗಿದೆ. ಇದು ಊಟದಿಂದ ಬಂದಿದ್ದಲ್ಲ."

"ನಿನಗೆ ಒಳ್ಳೇದು ಕಂಡ್ರೂ ಕೆಟ್ಟದ್ದೇ ಹೊಳೆಯೋದು" ಎಂದು ರೇಗಿ ಅಂಗಡಿಗೆ ಹೊರಟುಬಿಟ್ಟೆ. ರೇಗುವುದು ನನಗೆ ಉಸಿರಾಡಿದಷ್ಟು ಸಲೀಸು. ಇದನ್ನು ಓದುವವರು ಅದೊಂದನ್ನು ಈಗಲೇ ತಿಳಿದುಕೊಂಡಿರುವುದು ವಾಸಿ.

ನಮ್ಮದು ಗ್ರಂಧಿಗೆ ಅಂಗಡಿ. ವಿಭೂತಿ, ಕುಂಕುಮ, ಗಂಧ, ಸಾಂಬ್ರಾಣಿಯಿಂದ ಹಿಡಿದು ಹಸುಗೂಸಿಗೆ ತೇಯುವ ಬಜೆ, ಬಾಣಂತಿಗೆ ಕುಟ್ಟುವ ಹಿಪ್ಪಲಿ, ಕೆಮ್ಮಿಗೆ ಜೇಷ್ಠಮಧು, ಹೊಟ್ಟೆಗೆ ಅಳಲೆಕಾಯಿ, ಎಲ್ಲ ಒಂದೇ ಸೂರಿನಡಿ ಸಿಗುತ್ತದೆ. ತಾತ ಪೇಟೆಯಲ್ಲಿ ಶುರು ಮಾಡಿದ್ದನ್ನು ಅಪ್ಪ ಚಾಮರಾಜಪೇಟೆಗೆ ತಂದರು. ಬರುವವರು ಬರೀ ಸಾಮಾನು ಕೇಳುವುದಿಲ್ಲ. "ಮಗೂಗೆ ಕಫ ಕಟ್ಟಿದೆ, ಏನು ಕೊಡಲಿ?" "ರಾತ್ರಿ ನಿದ್ದೆ ಬರಲ್ಲ, ಏನಾದ್ರೂ ಇದೆಯಾ?" ಹೀಗೆ ಕೇಳುತ್ತಾರೆ, ನಾವು ಹೇಳುತ್ತೇವೆ. ಮೂರು ತಲೆಮಾರು ಹೇಳಿಕೊಂಡು ಬಂದಿದ್ದರಿಂದ ನನಗೂ ನಾನು ಅರ್ಧ ಡಾಕ್ಟರ್ ಎಂಬ ಭ್ರಮೆ ಅಂಟಿಕೊಂಡಿತ್ತು.

ಮಂಡಿನೋವಿನ ಪುಡಿ ನಮ್ಮದಲ್ಲ. ತಿಂಗಳಿಗೊಮ್ಮೆ ಉಪ್ಪಾರಪೇಟೆಯ ಒಂದು ಲಾಡ್ಜಿಗೆ ಬಂದು ಇಳಿಯುತ್ತಿದ್ದ ಮನುಷ್ಯನೊಬ್ಬ ತಂದುಕೊಡುತ್ತಿದ್ದ. ತನ್ನನ್ನು ಪಂಡಿತ ಎಂದು ಕರೆದುಕೊಳ್ಳುತ್ತಿದ್ದ. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಹದಿನೆಂಟು ಬೇರು ಸೇರಿಸಿ ಅರೆದ ಪುಡಿ ಎಂದ. ನಾನು ಮೂಸಿ, ನಾಲಿಗೆಗೆ ಹಚ್ಚಿ, ಹನ್ನೊಂದನ್ನು ಅಲ್ಲೇ ಗುರುತಿಸಿದೆ: ಶುಂಠಿ, ಅಶ್ವಗಂಧ, ಗುಗ್ಗುಳ, ಹೀಗೆ. ಅವನು ಕೈಮುಗಿದು, "ನಿಮ್ಮಂಥ ಮೂಗು ಬೆಂಗಳೂರಲ್ಲೇ ಇಲ್ಲ ಯಜಮಾನ್ರೇ" ಎಂದ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಉಳಿದ ಏಳು ಅವನ ಗುಟ್ಟು ಎಂದುಕೊಂಡು ಡಬ್ಬಗಳನ್ನು ಹೊತ್ತು ತಂದೆ.

ಮೊದಲು ಕೊಟ್ಟಿದ್ದೇ ಅಕ್ಕನಿಗೆ. ಅವಳ ಮಂಡಿ ಅಷ್ಟು ಕೆಟ್ಟಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಅಳುತ್ತಿದ್ದಳು. ಪುಡಿ ಶುರು ಮಾಡಿದ ಎಂಟೇ ದಿನಕ್ಕೆ ಗಾಂಧಿ ಬಜಾರಿಗೆ ನಡೆದುಕೊಂಡು ಹೋಗಿ ಹೂವು ಕೊಂಡು ಬಂದಳು. "ಶಿವ ಕಣ್ಣು ಬಿಟ್ಟ ಕಣೋ" ಎಂದು ನನ್ನ ತಲೆ ಸವರಿದಳು. ನಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆ ಆಗದೆ ಯಾರೂ ಬಾಯಿಗೆ ನೀರೂ ಹಾಕುವುದಿಲ್ಲ. ಅಕ್ಕ ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅಲ್ಲೇ ಮಣೆಯ ಮೇಲೆ ಕೂತು ಒಂದು ಚಮಚ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕುತ್ತಿದ್ದಳು. ಅದು ಪ್ರಸಾದದ ಜೊತೆಗೇ ಸೇರಿಹೋಯಿತು. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅವಳನ್ನು ತೋರಿಸಿ ತೋರಿಸಿ ನಾನು ಆ ಪುಡಿಯನ್ನು ಎಷ್ಟೋ ಜನಕ್ಕೆ ಮಾರಿದೆ.

ಆಮೇಲೆ ಒಂದೊಂದಾಗಿ ಶುರುವಾಯಿತು. ಬಾಗಿಲ ಚಿಲಕ ತಗುಲಿದರೆ ಸಾಕು, ತೋಳಿನಲ್ಲಿ ಅಂಗೈಯಗಲ ನೇರಳೆ ಮಚ್ಚೆ. ಹೊಟ್ಟೆಯ ಮೇಲೆ ಕೆಂಪು ಬರೆಗಳು ಬಂದಿವೆಯೆಂದು ಹೆಂಡತಿ ಹೇಳಿದಳು. ಕತ್ತಿನ ಹಿಂದೆ ಒಂದು ಗುಬುಟು ಎದ್ದಿತು. ಇಲ್ಲದಿದ್ದ ಸಕ್ಕರೆ ಕಾಯಿಲೆ ಬಂತು. ಯಾರ ಮೇಲೂ ದನಿ ಎತ್ತದ ಅಕ್ಕ ಹಾಲಿನವನ ಮೇಲೆ ಕೂಗಾಡಿದಳು, ಅರ್ಧ ಗಂಟೆ ಬಿಟ್ಟು ಅದಕ್ಕೇ ಅತ್ತಳು. ಒಂದು ದಿನ ಸ್ನಾನದ ಮನೆಯ ಚೊಂಬು ಎತ್ತಲು ಬಗ್ಗಿದವಳ ಬೆನ್ನಿನಲ್ಲಿ ಲಟಕ್ ಎಂದಿತು. ಮನೆಯಲ್ಲಿ ಏನೋ ಬಂದು ಕೂತಿದೆ ಎಂದು ನನಗೂ ಅನಿಸತೊಡಗಿತು. ಬಾಯಿಬಿಟ್ಟು ಹೇಳಲು ಮಾತ್ರ ಹೆದರಿಕೆ.

"ಟೆನ್ಷನ್ ಇರಬೇಕು" ಎಂದೆ ನಾನು. ಈಗ ಯಾವ ಕಾಯಿಲೆಗಾದರೂ ನಾವು ಇಡುವ ಹೆಸರು ಅದೇ ತಾನೇ. ಬಸವನಗುಡಿಯ ಒಂದು ಲ್ಯಾಬಿನ ಮುಂದೆ ಬ್ಯಾನರ್ ನೇತುಹಾಕಿದ್ದರು: ಒತ್ತಡದ ಹಾರ್ಮೋನು ಪರೀಕ್ಷಿಸಿಕೊಳ್ಳಿ. ಕಾರ್ಟಿಸೋಲ್ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಅಲ್ಲೇ. ಹೆಂಡತಿ ಹಟ ಹಿಡಿದಳು, ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಹೋದೆವು.

ಬೆಳಗ್ಗೆ ಎಂಟಕ್ಕೇ ರಕ್ತ ತೆಗೆಯಬೇಕಂತೆ. ಈ ಹಾರ್ಮೋನು ಬೆಳಗ್ಗೆ ಏರಿರುತ್ತದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ ಎಂದು ರಕ್ತ ತೆಗೆಯುವ ಹುಡುಗಿ ವಿವರಿಸಿದಳು. ಒಂದು ಹಾಳೆ ಹಿಡಿದು ಕೇಳಿದಳು.

"ಅಜ್ಜಿ ಯಾವುದಾದ್ರೂ ಮಾತ್ರೆ, ಔಷಧಿ ತಗೋತಾರಾ? ಸ್ಟೀರಾಯ್ಡ್ ಏನಾದ್ರೂ? ನಾಟಿ ಔಷಧಿ?"

"ಸಕ್ಕರೆ ಮಾತ್ರೆ ಒಂದೇ" ಎಂದೆ.

"ಬೇರೆ ಏನೂ ಇಲ್ವಾ?"

"ಏನೂ ಇಲ್ಲಮ್ಮಾ. ನಮ್ಮದೇ ಗ್ರಂಧಿಗೆ ಅಂಗಡಿ ಇದೆ. ನಾವು ಔಷಧಿ ಗಿಷಧಿ ನಂಬೋರಲ್ಲ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಈ ಮಾತನ್ನು ಎಷ್ಟು ಜನ ನಂಬುತ್ತಾರೋ ಗೊತ್ತಿಲ್ಲ. ನಮ್ಮ ಅಂಗಡಿಯ ಪದಾರ್ಥವನ್ನು ನಾವು ಔಷಧಿ ಎಂದು ಎಣಿಸಿದವರೇ ಅಲ್ಲ. ಔಷಧಿ ಎಂದರೆ ಮೆಡಿಕಲ್ ಸ್ಟೋರಿನಿಂದ ಬರುವುದು. ಪೂಜೆಯಾದ ಮೇಲೆ ಮಣೆಯ ಮೇಲೆ ಕೂತು ಜೇನಿನಲ್ಲಿ ನೆಕ್ಕುವುದು ಔಷಧಿ ಹೇಗಾದೀತು? ಅಕ್ಕನೂ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸಿದಳು. ಹುಡುಗಿ ಹಾಳೆಯ ಮೇಲೆ ಇಲ್ಲ ಎಂದು ಬರೆದುಕೊಂಡಳು.

ಮಾರನೇ ದಿನ ಫೋನಿಗೆ ರಿಪೋರ್ಟು ಬಂತು. ಇರಬೇಕಾದ ಕನಿಷ್ಠ ಮಟ್ಟಕ್ಕಿಂತ ಎಷ್ಟೋ ಕೆಳಗೆ, ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಾನು ಮನೆಯೆಲ್ಲ ಕೇಳುವಂತೆ ನಕ್ಕೆ. "ಅಕ್ಕಾ, ಇಡೀ ಬೆಂಗಳೂರಿನಲ್ಲಿ ಟೆನ್ಷನ್ ಇಲ್ಲದೇ ಇರೋ ಹೆಂಗಸು ನೀನೊಬ್ಬಳೇ ಕಣೇ! ಸರ್ಟಿಫಿಕೇಟ್ ಬಂದಿದೆ ನೋಡು."

"ನನಗ್ಯಾವ ಟೆನ್ಷನ್ನೋ, ನೀನು ದಿನಾ ಕಿರುಚೋದು ಬಿಟ್ರೆ" ಎಂದು ಅಕ್ಕನೂ ನಕ್ಕಳು. ನಗುವಾಗ ಆ ಊದಿದ ಮುಖದಲ್ಲಿ ಕಣ್ಣುಗಳೇ ಕಾಣಲಿಲ್ಲ. ಹೆಂಡತಿ ನಗಲಿಲ್ಲ. ರಿಪೋರ್ಟನ್ನು ಫೋನಿನಿಂದ ಪ್ರಿಂಟ್ ಹಾಕಿಸಿಕೊಂಡು ಬಂದು, "ನಾಳೆ ಡಾಕ್ಟರ ಹತ್ರ ಹೋಗ್ತಿದೀವಿ, ನೀವು ಬಂದ್ರೆ ಬನ್ನಿ, ಇಲ್ದಿದ್ರೆ ನಾವಿಬ್ರೇ ಹೋಗ್ತೀವಿ" ಎಂದಳು.

ಹಾರ್ಮೋನಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಅಕ್ಕನನ್ನು ಒಂದು ನಿಮಿಷ ನೋಡಿದರು, ರಿಪೋರ್ಟನ್ನು ನೋಡಿದರು, ಮತ್ತೆ ಅಕ್ಕನನ್ನು ನೋಡಿದರು. ಅಕ್ಕನ ರವಿಕೆಯ ತೋಳು ಸರಿಸಿ ಮಚ್ಚೆ ಮುಟ್ಟಿದರು.

"ಇವರ ಮೈ ನೋಡಿದ್ರೆ ಕಾರ್ಟಿಸೋಲ್ ತುಂಬಿ ತುಳುಕ್ತಿರಬೇಕು. ರಕ್ತದಲ್ಲಿ ನೋಡಿದ್ರೆ ಇಲ್ಲವೇ ಇಲ್ಲ. ಎರಡೂ ಒಟ್ಟಿಗೆ ಆಗೋದು ಒಂದೇ ಕಾರಣಕ್ಕೆ. ಹೊರಗಿನಿಂದ ಯಾರೋ ಇವರಿಗೆ ಸ್ಟೀರಾಯ್ಡ್ ಕೊಡ್ತಿದಾರೆ. ಏನು ತಗೋತಿದೀರಮ್ಮಾ?"

"ಏನೂ ಇಲ್ಲ" ಎಂದೆ ನಾನು.

"ನಾನು ಅವರನ್ನ ಕೇಳಿದ್ದು" ಎಂದರು ಡಾಕ್ಟರು.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ತಮ್ಮ ಕೊಡೋ ಪುಡಿ ಒಂದಿದೆ" ಎಂದಳು.

ಅಲ್ಲಿ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಡಾಕ್ಟರು ಬೈಯಲಿಲ್ಲ. ನಿಧಾನವಾಗಿ ಹೇಳುತ್ತಾ ಹೋದರು. ಕಿಡ್ನಿಯ ಮೇಲೆ ಪುಟ್ಟ ಪುಟ್ಟ ಎರಡು ಗ್ರಂಥಿಗಳಿವೆ, ಈ ಹಾರ್ಮೋನು ಹುಟ್ಟುವುದು ಅಲ್ಲೇ. ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುವುದು, ಜ್ವರ ಬಂದಾಗ, ಪೆಟ್ಟು ಬಿದ್ದಾಗ ಮೈಯನ್ನು ಹಿಡಿದು ನಿಲ್ಲಿಸುವುದು ಅದೇ. ದಿನಾ ಹೋಟೆಲಿನಿಂದ ಕ್ಯಾರಿಯರ್ ಬರುವ ಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಹಾಗೆ ಅದೇ ಹಾರ್ಮೋನಿನ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ಬಂದರೆ ಆ ಗ್ರಂಥಿಗಳು ಮಲಗಿಬಿಡುತ್ತವೆ. ಮೂಳೆ ಟೊಳ್ಳಾಗಿದ್ದು, ಸಕ್ಕರೆ ಏರಿದ್ದು, ಚರ್ಮ ಕಾಗದವಾಗಿದ್ದು ಎಲ್ಲ ಅದರಿಂದಲೇ. ಪುಡಿಯೊಳಗೆ ಯಾರೋ ಮಾತ್ರೆ ಅರೆದು ಸೇರಿಸಿದ್ದಾರೆ.

ಏಳು ಗುಟ್ಟು ಎಂದು ನಾನು ಬಿಟ್ಟುಕೊಟ್ಟಿದ್ದರಲ್ಲಿ ಅದೂ ಒಂದು. ಅದಕ್ಕೆ ವಾಸನೆಯೂ ಇಲ್ಲ.

ಡಾಕ್ಟರು ಇನ್ನೂ ಹೇಳುತ್ತಿದ್ದರು. ಅಕ್ಕನಿಗೆ ಏನೋ ಮಾತ್ರೆ ಬರೆದುಕೊಡುತ್ತಿದ್ದರು. ನನ್ನ ಕಿವಿಗೆ ಏನೂ ಇಳಿಯಲಿಲ್ಲ. ಎದ್ದು, "ನೀನು ಕೇಳಿಸ್ಕೊಂಡು ಬಾ" ಎಂದು ಹೆಂಡತಿಗೆ ಹೇಳಿ ಹೊರಟೇಬಿಟ್ಟೆ. ಹಿಂದಿನಿಂದ ಡಾಕ್ಟರು, "ಸಾರ್, ಒಂದು ನಿಮಿಷ ಕೂತ್ಕೊಳ್ಳಿ, ಮುಖ್ಯವಾದ್ದು ಹೇಳಬೇಕು" ಎಂದರು. ಆ ಒಂದು ನಿಮಿಷ ನಾನು ಕೂರಲಿಲ್ಲ.

ನೇರ ಉಪ್ಪಾರಪೇಟೆಗೆ ಹೋದೆ. ಲಾಡ್ಜಿನ ಕೌಂಟರಿನಲ್ಲಿ ಕಿರುಚಾಡಿದೆ. ಆ ಪಂಡಿತ ರೂಮು ಖಾಲಿ ಮಾಡಿ ವಾರವಾಗಿತ್ತು, ಫೋನು ಸ್ವಿಚ್ ಆಫ್. ಅಲ್ಲಿಂದ ಅಂಗಡಿಗೆ ಬಂದು, ಇದ್ದಬದ್ದ ಡಬ್ಬಗಳನ್ನೆಲ್ಲ ಎಳೆದು, ಬೀದಿಯ ಜನ ನೋಡುತ್ತಿರುವಂತೆಯೇ ಮೋರಿಗೆ ಸುರಿದು ಮೇಲೆ ಬಕೆಟ್ಟುಗಟ್ಟಲೆ ನೀರು ಹೊಡೆದೆ. ಮುಂದೆ ದೂರು ಕೊಡಲು ಹೋದಾಗ, "ಸ್ಯಾಂಪಲ್ ಎಲ್ಲಿ?" ಎಂದು ಕೇಳಿದರು. ಅಕ್ಕನ ಡಬ್ಬದ ತಳದಲ್ಲಿ ಉಳಿದಿದ್ದ ಎರಡು ಚಮಚ ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ. ಆದರೆ ಸುರಿದ ದಿನ ನನ್ನ ಮನಸ್ಸು ಹಗುರಾಗಿತ್ತು. ತಪ್ಪು ಮಾಡಿದೆ, ತಿದ್ದಿಕೊಂಡೆ ಎಂದುಕೊಂಡೆ. ಹೆಂಡತಿ ಮನೆಯಲ್ಲಿ ಅಕ್ಕನಿಗೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿಸುತ್ತಿದ್ದಳು. ಒಂದು ದಿನವೂ ಬಿಡಬಾರದಂತೆ ಎಂದಳು. ವಿಷ ಇಳಿಸುವ ಮಾತ್ರೆ ಇರಬೇಕು ಎಂದು ನಾನು ಅಂದುಕೊಂಡೆ.

ಮಾರನೇ ದಿನದಿಂದ ಪುಡಿ ಕೇಳಿಕೊಂಡು ಬಂದವರಿಗೆಲ್ಲ ನಾನೇ ಡಂಗುರ ಹೊಡೆದೆ. ಬೇರೆ ಯಾವ ಅಂಗಡಿಯವನಾದರೂ ಸ್ಟಾಕ್ ಇಲ್ಲ ಎಂದು ಸುಮ್ಮನಾಗುತ್ತಿದ್ದ, ನಾನು ಹಾಗಲ್ಲ ಎಂಬ ಜಂಬ ಬೇರೆ. "ಅದು ವಿಷ ಕಣ್ರೀ. ನನಗೇ ಮೋಸ ಆಗಿದೆ. ಮನೇಲಿ ಇದ್ರೆ ಇವತ್ತೇ ಎಸೀರಿ" ಎಂದೆ. ಕೆಲವರು ಬೈದರು, ಕೆಲವರು ನಂಬಲಿಲ್ಲ, ಕೆಲವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿ ಹೋದರು.

ಎರಡನೇ ದಿನ ಬಿನ್ನಿಪೇಟೆಯ ಯಜಮಾನರು ಬಂದರು. ಹಿಂದೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ಕೆಲಸ ಮಾಡಿದವರು, ಎಪ್ಪತ್ತೈದು ದಾಟಿದ ವಯಸ್ಸು. ಒಂದೂವರೆ ವರ್ಷದಿಂದ ಪುಡಿಗೆಂದೇ ಬಟ್ಟೆಚೀಲ ಹಿಡಿದು ನಡೆದು ಬರುತ್ತಿದ್ದರು. ಅಂದು ಅವರು ಮೆಟ್ಟಿಲ ಮೇಲೆ ನಿಂತು ಕೈಮುಗಿದಾಗ ಮೊದಲ ಸಲ ಅವರನ್ನು ಸರಿಯಾಗಿ ಗಮನಿಸಿದೆ. ದುಂಡು ಮುಖ, ಕೋಲಿನಂಥ ತೋಳು, ಮುಂಗೈಯಲ್ಲಿ ನೇರಳೆ ಮಚ್ಚೆ. ಅಕ್ಕನೇ ಪಂಚೆ ಉಟ್ಟು ಬಂದ ಹಾಗಿತ್ತು. ಇಷ್ಟು ದಿನ ನೋಡಿಯೂ ನೋಡಿರಲಿಲ್ಲವಲ್ಲ ನಾನು.

ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದರು.

"ಮನೇಲಿ ಅರ್ಧ ಡಬ್ಬ ಇದೆ ಸ್ವಾಮಿ. ಒಂದೇ ಸಲ ಬಿಟ್ರೆ ಕಾಲು ಹಿಡ್ಕೊಂಡುಬಿಡುತ್ತೆ. ಒಂದೊಂದು ಚಿಟಿಕೆ ಕಮ್ಮಿ ಮಾಡ್ಕೊಂಡು ಬಂದು, ಮುಗಿದ ಮೇಲೆ ಬಿಟ್ಟುಬಿಡ್ಲಾ?"

"ಒಂದು ಚಿಟಿಕೇನೂ ಬೇಡ!" ಎಂದು ಗದರಿದೆ. "ಹೇಳಿದ್ದು ಅರ್ಥ ಆಗಲ್ವಾ ಯಜಮಾನ್ರೇ? ನಮ್ಮಕ್ಕನ ಗತಿ ನೋಡಿ ಹೇಳ್ತಿದೀನಿ. ಇವತ್ತೇ ಮೋರಿಗೆ ಸುರೀಬೇಕು. ಇಲ್ಲಿ ಕೈ ಇಟ್ಟು ಹೇಳಿ, ಮುಟ್ಟಲ್ಲ ಅಂತ."

ವಿಭೂತಿ ಗಟ್ಟಿಗಳಿದ್ದ ತಟ್ಟೆಯನ್ನು ಮುಂದೆ ತಳ್ಳಿದೆ. ಅವರು ಅದರ ಮೇಲೆ ಕೈಯಿಟ್ಟು, "ಆಯ್ತು ಸ್ವಾಮಿ, ನೀವು ಹೇಳಿದ ಮೇಲೆ ಮುಗೀತು. ಮುಟ್ಟಲ್ಲ" ಎಂದರು. ಖಾಲಿ ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡು ಹೋದರು.

ಹದಿನೈದು ದಿನ ಬಿಟ್ಟು ಅಕ್ಕನನ್ನು ಮತ್ತೆ ಡಾಕ್ಟರ ಬಳಿ ಕರೆದೊಯ್ದೆವು. ಬೆಳಗ್ಗೆ ಎಂಟಕ್ಕೆ ಇನ್ನೊಮ್ಮೆ ರಕ್ತ ಕೊಟ್ಟಿದ್ದೆವು. ಕಾರ್ಟಿಸೋಲ್ ಇನ್ನೂ ಏರಿರಲಿಲ್ಲ, ಮಲಗಿದ ಗ್ರಂಥಿಗಳು ಎದ್ದೇ ಇರಲಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು, ಏಳದೆಯೂ ಇರಬಹುದು ಎಂದರು ಡಾಕ್ಟರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಆ ಪುಡಿ ಬೇರೆ ಯಾರ್ಯಾರು ತಗೋತಿದ್ರು?"

"ತುಂಬಾ ಜನ ಇದ್ರು ಮೇಡಂ. ನೀವು ಚಿಂತೆ ಮಾಡಬೇಡಿ. ಬಂದೋರಿಗೆಲ್ಲ ಅವತ್ತೇ ನಿಲ್ಲಿಸೋಕೆ ಹೇಳಿದೀನಿ. ಒಬ್ಬರ ಹತ್ರ ಆಣೆ ಕೂಡ ಮಾಡಿಸಿದೀನಿ" ಎಂದೆ, ಶಹಭಾಸ್ ಎನ್ನುತ್ತಾರೆಂದು ಕಾಯುತ್ತಾ.

ಅವರ ಮುಖದ ಬಣ್ಣವೇ ಹೋಯಿತು.

"ನಿಲ್ಲಿಸಿಬಿಟ್ರಾ? ಒಂದೇ ಸಲಕ್ಕಾ?" ಎಂದರು. "ನಿಮ್ಮ ಅಕ್ಕನಿಗೆ ನಾನು ಕೊಟ್ಟಿರೋ ಮಾತ್ರೆ ಏನು ಗೊತ್ತಾ? ಅದೂ ಸ್ಟೀರಾಯ್ಡೇ. ಅಳತೆ ಇಟ್ಟು ಕೊಡ್ತಿದೀನಿ, ನಿಧಾನವಾಗಿ ಇಳಿಸೋಕೆ. ಒಳಗಿಂದು ಮಲಗಿಬಿಟ್ಟಿದೆ, ಹೊರಗಿಂದು ಥಟ್ ಅಂತ ನಿಂತ್ರೆ ಮೈ ಯಾವುದರ ಮೇಲೆ ನಿಲ್ಲುತ್ತೆ? ಸುಸ್ತು, ವಾಂತಿ ಶುರುವಾಗುತ್ತೆ. ಅದರ ಮೇಲೆ ಒಂದು ಸಣ್ಣ ಜ್ವರ ಬಂದ್ರೆ ಸಾಕು, ಬೀಪಿ ಬಿದ್ದುಹೋಗುತ್ತೆ. ಆಸ್ಪತ್ರೆಗೆ ಬಂದ್ರೆ ಒಂದು ಇಂಜೆಕ್ಷನ್, ಡ್ರಿಪ್, ಹೊತ್ತು ಮುಳುಗೋದ್ರೊಳಗೆ ಎದ್ದು ಕೂರ್ತಾರೆ. ಬರದೇ ಇದ್ರೆ ಹೋಗ್ತಾರೆ. ಇದನ್ನೇ ನಾನು ಅವತ್ತು ಹೇಳೋಕೆ ನಿಮ್ಮನ್ನ ಕೂತ್ಕೊಳ್ಳಿ ಅಂದಿದ್ದು."

ಹೆಂಡತಿ ಎದ್ದು ನನ್ನ ಭುಜ ಹಿಡಿದಳು. "ರೀ, ಏಳಿ. ಒಬ್ಬೊಬ್ಬರನ್ನೂ ಹುಡುಕಬೇಕು" ಎಂದಳು.

ಹುಡುಕುವುದು ಎಂದರೆ ಹೇಗೆ? ನಮ್ಮ ಅಂಗಡಿಯಲ್ಲಿ ಯಾರಿಗೂ ಹೆಸರಿಲ್ಲ. ಬಜೆ ಅಮ್ಮ, ಅಳಲೆಕಾಯಿ ಮೇಷ್ಟ್ರು, ಕೆಂಪು ಶಾಲಿನವರು, ಹೀಗೆ ತಲೆಮಾರಿನಿಂದ ನಡೆದುಬಂದಿದೆ. ಯಾರು ಏನು ತಿನ್ನುತ್ತಾರೆ, ಯಾರಿಗೆ ಎಲ್ಲಿ ನೋವು ಎಂಬುದು ಗೊತ್ತು, ಮನೆ ಎಲ್ಲಿ ಎಂಬುದು ಗೊತ್ತಿಲ್ಲ. ಪುಡಿ ಬಂದರೆ ತಿಳಿಸಿ ಎಂದು ಫೋನ್ ನಂಬರ್ ಕೊಟ್ಟಿದ್ದವರಿಗೆಲ್ಲ ಹೆಂಡತಿ ಅಂದೇ ಫೋನು ಮಾಡಿದಳು. ಬಾಗಿಲಿಗೆ ನಾನು ದಪ್ಪ ಅಕ್ಷರದಲ್ಲಿ ಬೋರ್ಡು ಬರೆದು ನೇತುಹಾಕಿದೆ: ಮಂಡಿನೋವಿನ ಪುಡಿ ನಿಲ್ಲಿಸಿದವರು ತಕ್ಷಣ ಡಾಕ್ಟರನ್ನು ನೋಡಿ. ಮಲ್ಲೇಶ್ವರದ ಒಬ್ಬ ರಿಟೈರ್ಡ್ ಮೇಡಂ ಆಗಲೇ ಆಸ್ಪತ್ರೆಯಲ್ಲಿದ್ದರು, ಕಾರಣ ತಿಳಿಯದೆ ಡಾಕ್ಟರುಗಳು ತಲೆ ಕೆಡಿಸಿಕೊಂಡಿದ್ದರು. ನಾನು ಓಡಿಹೋಗಿ ವಾರ್ಡಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಬದುಕಿಕೊಂಡರು.

ಗಾಂಧಿ ಬಜಾರಿನಲ್ಲಿ ಹೂವು ಮಾರುವ ಹೆಂಗಸನ್ನು ಹುಡುಕಿಕೊಂಡು ಹೋದಾಗ ಆಕೆ ಬುಟ್ಟಿಯ ಮುಂದೆ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

"ಏನ್ ಸಾಮಿ, ಮುಖ ಹಿಂಗಾಗಿದೆ? ನೀವು ಅವತ್ತು ಕೂಗಾಡಿದ್ರಲ್ಲ, ಇವರಿಗೇನೋ ತಲೆ ಕೆಟ್ಟೈತೆ ಅಂತ ನಾನು ಬಿಡಲೇ ಇಲ್ಲ. ಇನ್ನೂ ಒಂದು ಡಬ್ಬ ಐತೆ."

ಅವಳ ಕಾಲಿಗೆ ಬೀಳುವುದೊಂದು ಬಾಕಿ. ಅಲ್ಲೇ ಆಟೋ ಹತ್ತಿಸಿಕೊಂಡು ಡಾಕ್ಟರ ಬಳಿ ಕರೆದುಕೊಂಡು ಹೋದೆ. ದಾರಿಯಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ನನ್ನ ಮಾತು ಕೇಳದವರು ಚೆನ್ನಾಗಿದ್ದರು. ಕೇಳಿದವರ ಬಗ್ಗೆ ಮಾತ್ರ ನಾನು ಹೆದರಬೇಕಿತ್ತು. ಕೈಯಿಟ್ಟು ಮಾತು ಕೊಟ್ಟು ಹೋದವರು ಒಬ್ಬರೇ.

ಬಿನ್ನಿಪೇಟೆಯಲ್ಲಿ ಎರಡು ದಿನ ಅಲೆದೆ. ಮಿಲ್ಲು ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು. ಅದರ ಹಿಂದಿನ ಸಣ್ಣ ಸಣ್ಣ ಬೀದಿಗಳಲ್ಲಿ, ಟೀ ಅಂಗಡಿಗಳಲ್ಲಿ, ದೇವಸ್ಥಾನದ ಕಟ್ಟೆಗಳಲ್ಲಿ ಕೇಳಿದೆ. "ಮಿಲ್ಲಲ್ಲಿ ಕೆಲಸ ಮಾಡಿದ್ದವರು, ವಯಸ್ಸಾದವರು, ಮುಖ ಸ್ವಲ್ಪ ಊದಿದೆ, ಬಟ್ಟೆಚೀಲ ಹಿಡ್ಕೊಂಡು ಓಡಾಡ್ತಾರೆ." ಮಿಲ್ಲಲ್ಲಿ ಕೆಲಸ ಮಾಡಿದ್ದ ವಯಸ್ಸಾದವರು ಬೀದಿಗಿಬ್ಬರು ಸಿಕ್ಕಿದರು, ಇವರಲ್ಲ. ಶಿವನೇ, ಇನ್ನೊಂದು ಬಾಗಿಲು, ಇನ್ನೊಂದೇ ಬಾಗಿಲು ಎಂದುಕೊಳ್ಳುತ್ತಾ ತಟ್ಟಿದೆ. ಎರಡನೇ ದಿನ ಮಧ್ಯಾಹ್ನ ಹಿಟ್ಟಿನ ಗಿರಣಿಯವರೊಬ್ಬರು ನಾನು ಹೇಳಿದ್ದನ್ನೆಲ್ಲ ಕೇಳಿ, ಎದುರಿನ ಹಸಿರು ಬಾಗಿಲಿನ ಮನೆಯತ್ತ ಕೈ ತೋರಿಸಿದರು.

ಬಾಗಿಲು ತೆರೆದದ್ದು ನಲವತ್ತರ ಹೆಂಗಸು, ಅವರ ಸೊಸೆ. ನಾನು ಚಾಮರಾಜಪೇಟೆಯ ಗ್ರಂಧಿಗೆ ಅಂಗಡಿಯವನು ಎಂದೆ. ಆಕೆಯ ಮುಖ ಅರಳಿತು.

"ಅಯ್ಯೋ, ನೀವಾ ಸಾರ್? ಬನ್ನಿ, ಒಳಗೆ ಬನ್ನಿ. ಮಾವ ನಿಮ್ಮ ವಿಷಯ ಯಾವಾಗ್ಲೂ ಹೇಳ್ತಿದ್ರು. ನಿನ್ನೆ ತಾನೇ ಹನ್ನೊಂದನೇ ದಿನದ ಕಾರ್ಯ ಆಯ್ತು. ನಿಮಗೆ ಯಾರು ಹೇಳಿದ್ರು?"

ನಾನು ಹೊಸಿಲ ಮೇಲೇ ಕೂತುಬಿಟ್ಟೆ. ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು. ನಾನು ಕೇಳುವ ಮುಂಚೆಯೇ ಎಲ್ಲ ಹೇಳತೊಡಗಿದಳು, ದುಃಖದ ಮನೆಯವರು ಬಂದವರಿಗೆಲ್ಲ ಹೇಳುವ ಹಾಗೆ.

"ನಿಮ್ಮ ಅಂಗಡಿಯಿಂದ ಬಂದಿದ್ದೇ ಪುಡಿ ಎಲ್ಲ ಮೋರಿಗೆ ಸುರಿದ್ರು ಸಾರ್. ಎರಡು ದಿನಕ್ಕೇ ಹಾಸಿಗೆ ಹಿಡಿದ್ರು. ಕಾಲು ನೋವು ಅಂತ ನಾನಂದ್ಕೊಂಡೆ. ಪಕ್ಕದ ಮನೆ ಅಜ್ಜೀನೂ ಅದೇ ಪುಡಿ ತಗೋತಾರೆ, ಒಂದು ಚೂರು ಇಸ್ಕೊಂಡು ಬರ್ತೀನಿ, ತಗೊಳ್ಳಿ ಮಾವ, ಎದ್ದು ಓಡಾಡ್ತೀರ ಅಂದೆ. ಬೇಡಮ್ಮಾ, ವಿಭೂತಿ ಮುಟ್ಟಿ ಮಾತು ಕೊಟ್ಟಿದೀನಿ ಅಂದ್ರು. ಆಮೇಲೆ ಜ್ವರ ಬಂತು. ನೀರು ಕುಡಿದ್ರೂ ವಾಂತಿ. ಗ್ಯಾಸ್ ಇರಬೇಕು ಅಂತ ನಾನು ಜೀರಿಗೆ ಕಷಾಯ ಮಾಡಿಕೊಟ್ಟೆ. ನಮ್ಮನೆಯವರು ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ರು, ಆಸ್ಪತ್ರೆಗೆ ನಾಳೆ ಅವರು ಬಂದ ಮೇಲೆ ಹೋದ್ರಾಯ್ತು ಅಂದ್ಕೊಂಡೆ. ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲ."

ನಾನು ಹೇಳಿದೆ. ಅಷ್ಟು ಹೊತ್ತಿಗೆ ನನಗೆ ಅಳು ಬಂದುಬಿಟ್ಟಿತ್ತು, ಮಾತು ನೆಟ್ಟಗೆ ಹೊರಡಲಿಲ್ಲ. ತಪ್ಪು ನನ್ನದು ಎಂದೆ. ಪುಡಿ ಕೊಟ್ಟವನೂ ನಾನೇ, ಥಟ್ಟನೆ ನಿಲ್ಲಿಸಿದವನೂ ನಾನೇ, ಹಾಗೆ ನಿಲ್ಲಿಸಬಾರದಿತ್ತು, ನಿಲ್ಲಿಸಿದ್ದರಿಂದಲೇ ಅವರು ಹೋದರು, ಅವರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತೇನೆ ಎಂದಿದ್ದರು, ನಾನು ಗದರಿಸಿದೆ. ಎಲ್ಲ ಹೇಳಿದೆ. ಪಕ್ಕದ ಮನೆಯ ಅಜ್ಜಿಯನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕು ಎಂದೂ ಹೇಳಿದೆ. ಆಕೆ ಬೈಯುತ್ತಾಳೆ, ಬಾಗಿಲು ಹಾಕುತ್ತಾಳೆ, ಬೀದಿಯವರನ್ನು ಕರೆಯುತ್ತಾಳೆ ಎಂದು ಕಾದೆ. ಬೈದರೆ ಸಾಕಿತ್ತು ನನಗೆ.

ಆಕೆ ಬೈಯಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನೆದುರು ನೆಲದ ಮೇಲೆ ಕೂತಳು.

"ಸಾರ್, ಡಾಕ್ಟ್ರು ನಿಮಗೆ ಎಲ್ಲ ಹೇಳಿದಾರಲ್ಲ, ಅದಕ್ಕೆ ಕೇಳ್ತಿದೀನಿ" ಎಂದಳು. "ವಾಂತಿ ಶುರುವಾದಾಗ ನಾನೇ ಒಂದು ಆಟೋ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಮಾವ ಉಳೀತಿದ್ರಾ?"

ಒಂದು ಇಂಜೆಕ್ಷನ್, ಹೊತ್ತು ಮುಳುಗುವುದರೊಳಗೆ ಎದ್ದು ಕೂರುತ್ತಾರೆ ಎಂದಿದ್ದರು ಡಾಕ್ಟರು.

"ಇಲ್ಲಮ್ಮಾ" ಎಂದೆ. "ಕರ್ಕೊಂಡು ಹೋಗಿದ್ರೂ ಉಳೀತಿರಲಿಲ್ಲ."

ಆಕೆ ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟಳು. "ಹಂಗಾದ್ರೆ ಸರಿ ಬಿಡಿ ಸಾರ್" ಎಂದಳು. "ಹನ್ನೆರಡು ದಿನದಿಂದ ನನಗೆ ಅದೊಂದೇ ಕೊರೀತಿತ್ತು."